ಹೊಟ್ಟಾಗಿ ಹೋಗುವ ಹಲಗೆ

ಕೀನ್ಯಾ ದೇಶದ ನಡುಭಾಗದಲ್ಲಿ, ಮೌಂಟ್ ಕೀನ್ಯಾ ಪರ್ವತದ ತಪ್ಪಲಿಗೆ ಹೊಂದಿಕೊಂಡು ಮೇರು, ಎಂಬು, ಕಿರಿನ್ಯಾಗ ಎಂಬ ಸೀಮೆಗಳಿವೆ. ಕೆಂಪು ಮಣ್ಣು, ವರ್ಷಕ್ಕೆ ಎರಡು ಮಳೆಗಾಲ. ಎತ್ತರದಲ್ಲಿ ಚಹಾ, ಅದರ ಕೆಳಗೆ ಕಾಫಿ, ಇನ್ನೂ ಇಳಿದರೆ ಮೆಕ್ಕೆಜೋಳ ಮತ್ತು ಬೀನ್ಸ್. ಬಹಳಷ್ಟು ರೈತರ ಹಿಡುವಳಿ ಕೆಲವೇ ಎಕರೆ. ಮೂಡಿಗೆರೆಯ ಅಥವಾ ಸೋಮವಾರಪೇಟೆಯ ಬೆಳೆಗಾರರೊಬ್ಬರನ್ನು ಕರೆದೊಯ್ದು ಅಲ್ಲಿ ನಿಲ್ಲಿಸಿದರೆ ಅವರ ಕಣ್ಣು ಮೊದಲು ಹೋಗುವುದು ಬೇಲಿ ಸಾಲಿನ ಮರಗಳ ಕಡೆಗೆ. ‘ಇದು ನಮ್ಮ ಸಿಲ್ವರ್ ಅಲ್ಲವೇನ್ರೀ?’ ಎಂದು ಕೇಳಿಯೇ ಕೇಳುತ್ತಾರೆ.

ಹೌದು, ಅದೇ ಮರ. ಸಸ್ಯಶಾಸ್ತ್ರದ ಹೆಸರು ಗ್ರೆವಿಲಿಯ ರೊಬಸ್ಟ. ಮೇರು ಸೀಮೆಯವರು ಮುಕಿಮ ಅನ್ನುತ್ತಾರೆ. ಅದರ ತವರು ಕೀನ್ಯಾವೂ ಅಲ್ಲ, ಭಾರತವೂ ಅಲ್ಲ. ಆಸ್ಟ್ರೇಲಿಯದ ಪೂರ್ವ ಅಂಚಿನಲ್ಲಿ, ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗದಲ್ಲೂ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದಲ್ಲೂ ಇರುವ ಕಾಡುಗಳು. ಚಹಾ ಕಾಫಿ ತೋಟಗಳಿಗೆ ನೆರಳು ಬೇಕೆಂದು 19ನೇ ಶತಮಾನದಲ್ಲಿ ಬ್ರಿಟಿಷರು ಇದನ್ನು ಭಾರತಕ್ಕೂ ಸಿಲೋನಿಗೂ ತಂದರು. ಪೂರ್ವ ಆಫ್ರಿಕಕ್ಕೂ ಅದೇ ನೆರಳಿನ ನೆಪದಲ್ಲಿ ಹೋಯಿತು. ಇಲ್ಲಿ ನಾವು ಅದಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿಸಿದೆವು. ಅಲ್ಲಿಯ ಸಣ್ಣ ರೈತರು ಅದನ್ನು ತೋಟದಿಂದ ಹೊರಗೆ ತಂದು ಬೇಲಿಗೆ ನೆಟ್ಟರು. ಕೊಂಬೆ ಸವರಿ ಒಲೆಗೆ ಹಾಕಿದರು. ಇಪ್ಪತ್ತು ವರ್ಷ ಕಾದರೆ ಮನೆಗೋ ಮಗನ ಕಾಲೇಜಿಗೋ ಒದಗುವ ಗಂಟು ಅದು ಎಂದು ನಂಬಿದರು.

1999ರ ಅಕ್ಟೋಬರಿನಲ್ಲಿ ಕೀನ್ಯಾ ಸರ್ಕಾರ ತನ್ನ ನೆಡುತೋಪುಗಳಲ್ಲಿ ಮರ ಕಡಿಯುವುದನ್ನು ನಿಲ್ಲಿಸಿತು. ನಾಲ್ಕಾರು ದೊಡ್ಡ ಕಂಪನಿಗಳಿಗೆ ಮಾತ್ರ ವಿನಾಯಿತಿ. ಸರ್ಕಾರಿ ಮರವನ್ನೇ ನಂಬಿದ್ದ ಸಾಮಿಲ್ಲುಗಳು ಬಾಗಿಲು ಹಾಕಿದವು. ಆದರೆ ಮನೆ ಕಟ್ಟುವುದು ನಿಲ್ಲಲಿಲ್ಲ, ಚಾವಣಿಗೆ ರೀಪು ಬೇಕೇ ಬೇಕಿತ್ತು. ವ್ಯಾಪಾರಿಗಳು ಬೇಲಿಯ ಮುಕಿಮ ಹುಡುಕಿಕೊಂಡು ರೈತರ ಹೊಲಗಳಿಗೆ ಬಂದರು. ಅವರ ಹಿಂದೆಯೇ ಬಂದವನು ಪವರ್ ಸಾ, ಅಂದರೆ ಚೈನ್ ಸಾ, ಹೆಗಲಿಗೇರಿಸಿಕೊಂಡ ಮರ ಕೊಯ್ಯುವವನು.

ಈ ಅಧ್ಯಾಯ ಅವನ ಬಗ್ಗೆ. ಗಿಡ ನೆಡುವವರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕೀನ್ಯಾದ 2010ರ ಸಂವಿಧಾನವೇ ದೇಶದ ನೆಲದ ಶೇ 10ರಷ್ಟಾದರೂ ಮರಗಳಿರಬೇಕು ಎನ್ನುತ್ತದೆ. ಅದಕ್ಕೆ ಒಂದು ವರ್ಷ ಮೊದಲು ಬಂದ ಕೃಷಿ ಅರಣ್ಯ ನಿಯಮಗಳು ಪ್ರತಿ ಜಮೀನಿನ ಹತ್ತನೇ ಒಂದು ಪಾಲು ಮರಕ್ಕೆ ಮೀಸಲಿಡಬೇಕು ಎಂದವು. ನೆಡುವುದಕ್ಕೆ ಕಾನೂನಿದೆ, ನರ್ಸರಿಯಿದೆ, ಫೋಟೊ ತೆಗೆಸಿಕೊಳ್ಳುವ ಮಂತ್ರಿಗಳಿದ್ದಾರೆ. ನೆಟ್ಟದ್ದು ಮರವಾಗಿ ಬಿದ್ದ ಮೇಲೆ ಅದರ ಎಷ್ಟು ಪಾಲು ಹಲಗೆಯಾಗುತ್ತದೆ, ಎಷ್ಟು ಹೊಟ್ಟಾಗುತ್ತದೆ ಎಂದು ಕೇಳುವವರು ಕಡಿಮೆ.

ಅದನ್ನೇ ಲೆಕ್ಕ ಹಾಕೋಣ. ಕಾಗದ ಪೆನ್ಸಿಲ್ ಸಾಕು.

ಬೇಲಿಯಿಂದ ಉರುಳಿಸಿದ ಸಾಧಾರಣ ದಿಮ್ಮಿಯೊಂದನ್ನು ತೆಗೆದುಕೊಳ್ಳಿ. ಉದ್ದ 3 ಮೀಟರ್, ಅಂದರೆ ಹತ್ತಡಿಗೆ ಚೂರು ಕಡಿಮೆ. ಬುಡದ ಕಡೆ ಅಡ್ಡಳತೆ 30 ಸೆಂಟಿಮೀಟರ್, ತುದಿಯ ಕಡೆ 24. ಇದರ ಗಾತ್ರ 0.172 ಘನಮೀಟರ್ ಆಗುತ್ತದೆ. ಮರ ದುಂಡಗಿದೆ, ಬಡಗಿಗೆ ಬೇಕಾದದ್ದು ಚೌಕ. ತುದಿಯಿಂದ ಬುಡದವರೆಗೆ ಒಂದೇ ಅಗಲದ ಚೌಕ ತೊಲೆ ಬೇಕೆಂದರೆ ಸಣ್ಣ ತುದಿಯ ವೃತ್ತದೊಳಗೆ ಕೂರುವ ಚೌಕವೇ ಮಿತಿ. ಅದರ ಒಂದು ಬದಿ 17 ಸೆಂಟಿಮೀಟರ್. ಇಷ್ಟಕ್ಕೇ ದಿಮ್ಮಿಯ ಅರ್ಧ ಹೋಯಿತು. ಗರಗಸಕ್ಕೆ ಇನ್ನೂ ಚಾಲೂ ಕೊಟ್ಟಿಲ್ಲ. ಇದು ರೇಖಾಗಣಿತ ತೆಗೆದುಕೊಳ್ಳುವ ಸುಂಕ. ಸುತ್ತ ಉಳಿಯುವ ತೊಗಟೆ ಪಟ್ಟಿಗಳಿಂದ ಜಾಣನಾದವನು ಒಂದೆರಡು ಸಣ್ಣ ರೀಪು ಎತ್ತುತ್ತಾನೆ. ಉಳಿದದ್ದು ಒಲೆಗೆ, ಬೇಲಿಗೆ.

ಈಗ ಆ 170 ಮಿಲಿಮೀಟರ್ ಚೌಕವನ್ನು ಒಂದಿಂಚಿನ, ಅಂದರೆ 25 ಮಿಲಿಮೀಟರಿನ ಹಲಗೆಗಳಾಗಿ ಸೀಳಬೇಕು. ಸಾಮಿಲ್ಲಿನ ಪಟ್ಟಿಗರಗಸ ನಡೆದ ದಾರಿ ಸುಮಾರು 2 ಮಿಲಿಮೀಟರ್ ಅಗಲ. ಲೆಕ್ಕ ಹಾಕಿ: ಆರು ಹಲಗೆ ಬರುತ್ತವೆ. ಚೈನ್ ಸಾ ನಡೆದ ದಾರಿ ಸುಮಾರು 8 ಮಿಲಿಮೀಟರ್. ಪ್ರತಿ ಹಲಗೆಗೂ ಅದರ ಮೂರನೇ ಒಂದು ಪಾಲಿನಷ್ಟು ಮರ ಹೊಟ್ಟಾಗಿ ಹಾರುತ್ತದೆ. ಐದು ಹಲಗೆ ಬರುತ್ತವೆ. ಆದರೆ ಈ ಐದು ಬರುವುದು ಗರಗಸ ನೂಲು ಹಿಡಿದಂತೆ ನೇರವಾಗಿ ಹೋದರೆ ಮಾತ್ರ. ಬರಿಗೈಯಲ್ಲಿ ಹಿಡಿದ ಯಂತ್ರ ಅತ್ತಿತ್ತ ಓಲಾಡುತ್ತದೆ. ಒಂದು ಕಡೆ 22 ಮಿಲಿಮೀಟರ್, ಇನ್ನೊಂದು ಕಡೆ 29 ಆದ ಹಲಗೆಯನ್ನು ಯಾವ ಆಚಾರಿಯೂ ಕೊಳ್ಳುವುದಿಲ್ಲ. ಆದ್ದರಿಂದ ಕೊಯ್ಯುವವನು ಮೊದಲೇ 30 ಮಿಲಿಮೀಟರಿಗೆ ಗುರುತು ಹಾಕುತ್ತಾನೆ. ಎಷ್ಟೇ ಓಲಾಡಿದರೂ ಒಂದಿಂಚು ಉಳಿಯಲಿ ಎಂದು. ಆಗ ನಾಲ್ಕು ಹಲಗೆ.

ಆರು, ಐದು, ನಾಲ್ಕು. ದಿಮ್ಮಿಯ ಪಾಲಿನಲ್ಲಿ ಹೇಳುವುದಾದರೆ ಶೇ 44, ಶೇ 37, ಶೇ 30. ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ವ್ಯತ್ಯಾಸ ಯಂತ್ರದ್ದು, ಅದನ್ನು ತುಂಬಲು ಬಂಡವಾಳ ಬೇಕು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸ ಕೈಯದ್ದು. ಅದನ್ನು ತುಂಬಲು ಕೆಲವು ದಿನಗಳ ತರಬೇತಿ ಸಾಕಾಗಬಹುದು. ಮರ ಕೊಯ್ಯುವವರಿಗೆ ಪಾಠ ಹೇಳುವ ವಿಚಾರ ಹುಟ್ಟಿದ್ದು ಈ ಸಂದಿಯಲ್ಲಿ.

ಕೀನ್ಯಾದಲ್ಲಿ ಈ ಕೆಲಸಕ್ಕೆ ಕೈಹಾಕಿದವು ಎರಡು ಸಂಸ್ಥೆಗಳು. ಒಂದು, ಸರ್ಕಾರಿ ಅರಣ್ಯ ಸಂಶೋಧನಾ ಸಂಸ್ಥೆ ಕೆಫ್ರಿ. ನೈರೋಬಿಯ ಕರುರದಲ್ಲಿ ಅದರ ಮರದುತ್ಪನ್ನ ಸಂಶೋಧನಾ ಕೇಂದ್ರವಿದೆ. ಇನ್ನೊಂದು, ನೈರೋಬಿಯಲ್ಲೇ ಕೇಂದ್ರ ಕಚೇರಿಯಿರುವ ಅಂತರರಾಷ್ಟ್ರೀಯ ಕೃಷಿ ಅರಣ್ಯ ಸಂಸ್ಥೆ ಇಕ್ರಾಫ್. ಮರ ಬೆಳೆಸುವುದರ ಬಗ್ಗೆ ಹೇಳಿದ್ದಾಯಿತು, ಇನ್ನು ಮರ ಕೊಯ್ಯುವುದರ ಬಗ್ಗೆ ಹೇಳದೆ ಗತಿಯಿಲ್ಲ ಎಂಬುದು 2000ದ ನಂತರದ ವರ್ಷಗಳಲ್ಲಿ ಅವರಿಗೆ ಅರಿವಾಯಿತು.

ಇಂಥ ತರಬೇತಿ ಹಲಗೆ ಕೊಯ್ಯುವುದರಿಂದ ಶುರುವಾಗುವುದಿಲ್ಲ. ಅರದಿಂದ ಶುರುವಾಗುತ್ತದೆ.

ಚೈನ್ ಸಾದ ಸರಪಳಿಯನ್ನು ಕೈಯಲ್ಲಿ ಹಿಡಿದು ನೋಡಿ. ಎಡಕ್ಕೊಂದು ಬಲಕ್ಕೊಂದು ಹಲ್ಲು ಮುಖ ಮಾಡಿರುತ್ತವೆ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ಉಬ್ಬು. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂದು ನಿರ್ಧರಿಸುವುದು ಆ ಉಬ್ಬು; ಅದು ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಹಲ್ಲನ್ನು ಅರ ಹಾಕಿ ಹಾಕಿ ಅದು ಸವೆದಾಗ ಉಬ್ಬನ್ನೂ ಅಷ್ಟೇ ಇಳಿಸಬೇಕು. ಇಳಿಸದಿದ್ದರೆ ಹಲ್ಲಿಗೆ ಮರ ಸಿಗುವುದಿಲ್ಲ. ಕೊಯ್ಯುವವನು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾನೆ, ಸರಪಳಿ ಸುತ್ತ ಓಡುವ ಬಾರ್ ಕಾಯುತ್ತದೆ, ಪೆಟ್ರೋಲು ಸುಡುತ್ತದೆ. ಜಾಸ್ತಿ ಇಳಿಸಿದರೆ ಹಲ್ಲು ಸಿಕ್ಕಿದ್ದನ್ನೆಲ್ಲ ಕಚ್ಚಿ ಯಂತ್ರ ಎಗರುತ್ತದೆ.

ಇನ್ನು ಬಲಗೈ ಎಡಗೈ ವಿಷಯ. ಬಲಗೈಯವನಿಗೆ ಒಂದು ಬದಿಯ ಹಲ್ಲುಗಳಿಗೆ ಅರ ಹಾಕುವುದು ಸರಾಗ, ಇನ್ನೊಂದು ಬದಿಗೆ ಮಣಿಕಟ್ಟು ತಿರುಗಿಸಿ ಅಡ್ಡಾದಿಡ್ಡಿ ಹಿಡಿಯಬೇಕು. ನಾಲ್ಕು ವಾರ ಹೀಗೇ ನಡೆದರೆ ಒಂದು ಬದಿ ಹರಿತ, ಇನ್ನೊಂದು ಬದಿ ಮೊಂಡು. ಒಂದು ಬದಿ ಉದ್ದ, ಇನ್ನೊಂದು ಗಿಡ್ಡ. ಅಂಥ ಸರಪಳಿ ನೇರಕ್ಕೆ ಹೋಗುವುದೇ ಇಲ್ಲ, ಹರಿತ ಇರುವ ಬದಿಗೆ ಎಳೆಯುತ್ತದೆ. ಕೊಯ್ಯುವವನು ಅದನ್ನು ತನ್ನ ತೋಳಿನ ದೋಷವೆಂದೋ ಮರದ ದೋಷವೆಂದೋ ತಿಳಿದು ದಿನವಿಡೀ ಯಂತ್ರದ ಜತೆ ಗುದ್ದಾಡುತ್ತಾನೆ. ಸೊಟ್ಟ ಹಲಗೆ ಹುಟ್ಟಿದ್ದು ಮಾತ್ರ ಹಿಂದಿನ ಸಂಜೆ, ಅರದ ತುದಿಯಲ್ಲಿ. ಸರಪಳಿಯ ಅತಿ ಗಿಡ್ಡ ಹಲ್ಲನ್ನು ಹುಡುಕಿ, ಉಳಿದ ಎಲ್ಲವನ್ನೂ ಅದರ ಅಳತೆಗೆ ತರುವುದು, ಪ್ರತಿ ಹಲ್ಲಿಗೂ ಲೆಕ್ಕ ಮಾಡಿ ಅಷ್ಟೇ ಸಲ ಅರ ಎಳೆಯುವುದು: ಮೊದಲ ದಿನದ ಪಾಠ ಇದು. ಬಹಳ ಬೇಸರದ ಪಾಠ. ಆದರೆ ಫಲ ಕಣ್ಣಿಗೆ ಕಾಣುತ್ತದೆ. ಮೊಂಡು ಸರಪಳಿ ಹಿಟ್ಟಿನಂಥ ಪುಡಿ ಉಗುಳುತ್ತದೆ, ಹರಿತವಾದದ್ದು ಸಿಪ್ಪೆ ಸಿಪ್ಪೆಯಾಗಿ ಎಸೆಯುತ್ತದೆ.

ಇದಕ್ಕಿಂತ ಒಳಗಿನ ಸಂಗತಿಯೊಂದಿದೆ. ಅಂಗಡಿಯಲ್ಲಿ ಸಿಗುವ ಚೈನ್ ಸಾ ಮರ ಉರುಳಿಸಲು, ಅಡ್ಡ ತುಂಡರಿಸಲು ಮಾಡಿದ ಯಂತ್ರ. ಅದರ ಹಲ್ಲಿನ ಮೇಲಂಚು ಸುಮಾರು 30 ಡಿಗ್ರಿ ಓರೆಯಾಗಿರುತ್ತದೆ. ಮರದ ನಾರುಗಳು ಬುಡದಿಂದ ತುದಿಗೆ ಓಡುತ್ತವೆ. ಅಡ್ಡ ಕೊಯ್ಯುವಾಗ ಆ ನಾರನ್ನು ಎರಡೂ ಬದಿಯಲ್ಲಿ ಕತ್ತರಿಸಬೇಕು, ಅದಕ್ಕೆ ಓರೆ ಹಲ್ಲು ಸರಿ. ಉದ್ದಕ್ಕೆ ಸೀಳುವಾಗ ಕತೆ ಬೇರೆ. ಓರೆ ಹಲ್ಲು ಪಕ್ಕಕ್ಕೆ ಸರಿದು ಹಲಗೆಯ ಮೈಯನ್ನು ಗೀರಿ ಗೀರಿ ಬಿಡುತ್ತದೆ. ಅದೇ ಹಲ್ಲನ್ನು ಅರ ಹಾಕಿ 10 ಡಿಗ್ರಿಗೆ ತಂದರೆ ಅದು ಉಜ್ಜುಗೊರಡಿನ ಅಲಗಿನಂತೆ ನೇರವಾಗಿ ಕೆತ್ತಿಕೊಂಡು ಹೋಗುತ್ತದೆ. ಕೆಲಸ ಕೊಂಚ ನಿಧಾನ, ಮೈ ನಯ. ನಯವಾದ ಹಲಗೆಗೆ ಉಜ್ಜುವಾಗ ಕಳೆಯಬೇಕಾದ ದಪ್ಪ ಕಡಿಮೆ. ಅಲ್ಲಿಯೂ ಒಂದೆರಡು ಮಿಲಿಮೀಟರ್ ಉಳಿಯುತ್ತದೆ. ಖರ್ಚು? ಒಂದು ದುಂಡನೆಯ ಅರ, ಕೋನ ತೋರಿಸುವ ಒಂದು ತಗಡು.

ಹಳೆಯ ಕಾಲದ ಇಬ್ಬರಾಳಿನ ಗರಗಸ ನೆನಪಿರುವವರಿಗೆ ಇದೆಲ್ಲ ವಿಪರ್ಯಾಸವಾಗಿ ಕಾಣಬಹುದು. ದಿಮ್ಮಿಯನ್ನು ಕಟ್ಟೆಯ ಮೇಲೋ ಗುಂಡಿಯ ಮೇಲೋ ಇಟ್ಟು, ಒಬ್ಬ ಮೇಲೆ, ಒಬ್ಬ ಕೆಳಗೆ ನಿಂತು ಎಳೆಯುತ್ತಿದ್ದ ಆ ಗರಗಸದ ದಾರಿ ಚೈನ್ ಸಾದ ದಾರಿಯ ಸುಮಾರು ಅರ್ಧ ಅಗಲ. ಮಲೆನಾಡಿನ ಹಳೆಯ ಮನೆಗಳ ಹಲಗೆಗಳನ್ನು ಹಾಗೇ ಕೊಯ್ದದ್ದು; ಪೂರ್ವ ಆಫ್ರಿಕದಲ್ಲೂ ಹಾಗೇ. ಮರ ಉಳಿಯುತ್ತಿತ್ತು, ಆಳು ಸೋಲುತ್ತಿದ್ದ. ಕೆಳಗೆ ನಿಂತವನ ಕಣ್ಣು ಮೂಗಿಗೆ ಹೊಟ್ಟು. ಚೈನ್ ಸಾ ಬಂದ ಮೇಲೆ ಆ ಕೆಲಸಕ್ಕೆ ಯಾರೂ ಮರಳಿ ಹೋಗುವುದಿಲ್ಲ, ಹೋಗಬೇಕೆಂದು ಹೇಳುವ ಹಕ್ಕು ನಮಗಿಲ್ಲ.

ಮೊದಲ ಗೆರೆ ಎಳೆಯುವ ವಿದ್ಯೆ ಮಾತ್ರ ಆಗಿನದ್ದೇ. ಮಸಿಯಲ್ಲೋ ಹಳೇ ಎಣ್ಣೆಯಲ್ಲೋ ಅದ್ದಿದ ದಾರವನ್ನು ದಿಮ್ಮಿಯ ಎರಡು ತುದಿಗೆ ಬಿಗಿದು, ಎತ್ತಿ ಬಿಟ್ಟರೆ ಮೈಮೇಲೆ ಗೆರೆ ಮೂಡುತ್ತದೆ. ನಮ್ಮ ಆಚಾರಿಗಳು ನೂಲು ಹೊಡೆಯುವುದು ಎನ್ನುವ ಕೆಲಸ ಅದು. ಬರಿಗೈ ಕೊಯ್ಲಿನವನು ಆ ಗೆರೆಯ ಮೇಲೆ ಮೊದಲು ತೆಳ್ಳಗೆ ಗೀರಿ, ಆಮೇಲೆ ಬಾರನ್ನು ಆಳಕ್ಕೆ ಇಳಿಸಿ ಹಿಂದೆ ಹಿಂದೆ ಸರಿಯುತ್ತ ಬರುತ್ತಾನೆ. ಮೇಲಿನ ಗೆರೆ ನೇರ ಇದ್ದರೂ ಬಾರು ಓರೆಯಾದರೆ ಕೆಳಗಿನ ಗೆರೆ ಎಲ್ಲೋ ಹೋಗಿರುತ್ತದೆ. ಪಳಗಿದವರ ಕೈಯಲ್ಲಿ ಇದು ಬೆರಗಾಗುವಷ್ಟು ನೇರ ಬರುತ್ತದೆ ಎಂಬುದನ್ನೂ ಹೇಳಬೇಕು. ಕೀನ್ಯಾದಲ್ಲಿ ಇಂಥ ಕಸಬುದಾರರನ್ನು ಫುಂಡಿ ಎಂದು ಗೌರವದಿಂದ ಕರೆಯುತ್ತಾರೆ. ಆದರೆ ಎಲ್ಲರೂ ಪಳಗಿದವರಲ್ಲ, ಪಳಗುವವರೆಗೆ ಹಾಳಾಗುವ ಮರ ಯಾರದೋ ಬೇಲಿಯದ್ದು.

ಕೈಯ ಓಲಾಟ ತಪ್ಪಿಸಲು ಇರುವ ಉಪಾಯ ಒಂದು ಕಬ್ಬಿಣದ ಚೌಕಟ್ಟು. ಬಾರಿಗೆ ಅದನ್ನು ಬಿಗಿದು, ಬೇಕಾದ ದಪ್ಪಕ್ಕೆ ಹೊಂದಿಸಿ, ದಿಮ್ಮಿಯ ಮೇಲೆ ಜಾರಿಸಿಕೊಂಡು ಹೋದರೆ ಹಲಗೆ ಉದ್ದಕ್ಕೂ ಒಂದೇ ದಪ್ಪ. ದುಂಡು ದಿಮ್ಮಿಯ ಮೇಲೆ ಮೊದಲ ಸಲ ಜಾರಲು ಸಮತಟ್ಟು ಜಾಗ ಇರುವುದಿಲ್ಲ. ಅದಕ್ಕೆ ಒಂದು ನೇರ ಹಲಗೆಯನ್ನೋ ಏಣಿಯನ್ನೋ ಮೊಳೆ ಹೊಡೆದು ಕೂರಿಸಿಕೊಳ್ಳಬೇಕು. ಎರಡನೇ ಕೊಯ್ಲಿನಿಂದ ಕೊಯ್ದ ಮೈಯೇ ದಾರಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಕೊಳ್ಳಬಹುದಾದ ವಸ್ತು. ನನ್ನ ಲೆಕ್ಕದ ನಾಲ್ಕನೇ ಹಲಗೆಗೂ ಐದನೆಯದಕ್ಕೂ ನಡುವೆ ಇರುವುದು ಹೆಚ್ಚುಕಡಿಮೆ ಇದೇ ಚೌಕಟ್ಟು.

ಚೌಕಟ್ಟು ಹಾಕಿಯೂ ಹಲಗೆ ಸೊಟ್ಟಗಾಗುವುದುಂಟು. ಆಗ ತಪ್ಪು ಮರದೊಳಗೆ ಅಡಗಿರುತ್ತದೆ, ಅಥವಾ ತಪ್ಪೆಂದು ನಮಗೆ ಅನ್ನಿಸುವುದು ಮರಕ್ಕೆ ಬದುಕುವ ಉಪಾಯ. ಮರ ದಪ್ಪವಾಗುವುದು ತೊಗಟೆಯ ಕೆಳಗೆ ಹೊಸ ಕೋಶಗಳ ಪದರ ಸೇರಿಸುತ್ತ. ಹೊಸ ಕೋಶ ಬಲಿಯುವಾಗ ಉದ್ದದಲ್ಲಿ ಚೂರು ಕುಗ್ಗಲು ನೋಡುತ್ತದೆ. ಒಳಗಿನ ಹಳೆಯ ಮರ ಬಿಡುವುದಿಲ್ಲ. ಹೀಗೆ ವರ್ಷವರ್ಷ ಪದರ ಸೇರಿದಂತೆ ಹೊರಭಾಗವೆಲ್ಲ ಎಳೆತದಲ್ಲಿ, ನಡುಭಾಗ ಒತ್ತಡದಲ್ಲಿ ಇರುತ್ತದೆ. ಗಾಳಿಗೆ ಬಾಗಿದಾಗ ಮರ ಮುರಿಯದಿರಲು ಈ ಬಿಗಿತವೂ ಒಂದು ಕಾರಣ. ನಿಂತಿರುವವರೆಗೆ ಲೆಕ್ಕ ಸರಿಸಮ. ಗರಗಸ ಹಾಕಿದ ಕೂಡಲೇ ಸಮತೋಲ ಹೋಗುತ್ತದೆ. ದಿಮ್ಮಿಯನ್ನು ನಡುವೆ ಸೀಳಿದರೆ ಎರಡು ಹೋಳೂ ತೊಗಟೆಯ ಕಡೆಗೆ ಬಾಗಿ ತುದಿಗಳು ಬಾಯಿಬಿಡುತ್ತವೆ. ನೀಲಗಿರಿಯಲ್ಲಿ ಇದು ವಿಪರೀತ. ಉರುಳಿಸಿದ ದಿಮ್ಮಿಯ ತುದಿ ಕಣ್ಣೆದುರಿಗೇ ನಕ್ಷತ್ರದಂತೆ ಬಿರಿಯುವುದನ್ನು ಕೋಲಾರದ ಕಡೆಯವರು ನೋಡಿರುತ್ತಾರೆ.

ಒಂದೇ ಬದಿಯಿಂದ ಹಲಗೆ ತೆಗೆಯುತ್ತ ಹೋದರೆ ಏನಾಗುತ್ತದೆ? ಮೊದಲ ಹಲಗೆ ತೆಗೆದ ಮೇಲೆ ಉಳಿದ ದಿಮ್ಮಿ ಇನ್ನೊಂದು ಬದಿಗೆ ಬಾಗುತ್ತದೆ. ಕೊಯ್ದ ಮುಖದ ನಡುಭಾಗ ಉಬ್ಬುತ್ತದೆ. ಅದರ ಮೇಲೆ ನೂಲಿನಷ್ಟು ನೇರವಾಗಿ ಕೊಯ್ದರೂ ಬರುವ ಹಲಗೆ ನಡುವೆ ದಪ್ಪ, ತುದಿಗಳಲ್ಲಿ ತೆಳು. ಕೊಯ್ಯುವವನು ಬೈಸಿಕೊಳ್ಳುತ್ತಾನೆ, ತಪ್ಪೇನೆಂದು ಅವನಿಗೂ ಗೊತ್ತಾಗುವುದಿಲ್ಲ. ಪರಿಹಾರ ಸರಳ: ಒಂದು ಬದಿಯಿಂದ ಒಂದು ತೆಗೆದು, ದಿಮ್ಮಿ ಹೊರಳಿಸಿ, ಎದುರು ಬದಿಯಿಂದ ಇನ್ನೊಂದು. ಎಳೆತ ಎರಡೂ ಕಡೆ ಸಮನಾಗಿ ಬಿಡುಗಡೆಯಾಗುತ್ತದೆ. ಇನ್ನೊಂದು ದಾರಿ, ದಿಮ್ಮಿಯನ್ನು ಗಿಡ್ಡವಾಗಿ ತುಂಡರಿಸುವುದು. ಬಾಗು ಉದ್ದದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಉದ್ದವನ್ನು ಅರ್ಧ ಮಾಡಿದರೆ ಬಾಗು ಕಾಲು ಭಾಗಕ್ಕೆ ಇಳಿಯುತ್ತದೆ. ಹುಟ್ಟಿನಿಂದಲೇ ಡೊಂಕಾದ ಮರಕ್ಕೂ ಇದೇ ಮದ್ದು. ಡೊಂಕಿರುವ ಕಡೆ ಕಡಿದು ಎರಡು ನೇರ ತುಂಡು ಮಾಡಿಕೊಂಡರೆ, ಒಂದು ಉದ್ದದ ಡೊಂಕು ದಿಮ್ಮಿಗಿಂತ ಹೆಚ್ಚು ಹಲಗೆ ಕೊಡುತ್ತದೆ. ‘ಉದ್ದ ಇದ್ದಷ್ಟೂ ದುಡ್ಡು’ ಎಂದು ನಂಬಿದ ರೈತನಿಗೆ ಇದನ್ನು ಒಪ್ಪಿಸುವುದೇ ಕಷ್ಟ.

ಕೊಯ್ಯುವವನೊಬ್ಬನಿಗೇ ಪಾಠ ಹೇಳಿದರೆ ಸಾಲದು ಎಂಬುದು ಇಲ್ಲಿ ಗೊತ್ತಾಗುತ್ತದೆ. ಸೌದೆಗೆಂದು ಕೊಂಬೆ ಸವರುವಾಗ ರೈತ ಗೇಣುದ್ದದ ಮೋಟು ಉಳಿಸಿದ್ದರೆ, ಆ ಒಣ ಮೋಟನ್ನು ಸುತ್ತಿ ಬೆಳೆದ ಮರದೊಳಗೆ ಸತ್ತ ಗಂಟು ಕೂತಿರುತ್ತದೆ. ಹಲಗೆ ಒಣಗಿದ ಮೇಲೆ ಗಂಟು ಕಳಚಿ ತೂತು ಬೀಳುತ್ತದೆ. ಬುಡಕ್ಕೆ ಸರಿಯಾಗಿ ಸವರಿದ್ದರೆ ಗಾಯ ಮುಚ್ಚಿ ಮೇಲಿನ ಮರ ಶುದ್ಧವಾಗಿರುತ್ತಿತ್ತು. ಬೇಲಿ ಮರದಲ್ಲಿ ತಂತಿ, ಮೊಳೆ ಕೂಡ ಸಿಗುತ್ತವೆ. ಒಂದು ಮೊಳೆ ತಾಗಿದರೆ ಅರ್ಧ ದಿನ ಅರ ಹಿಡಿದು ಕೂರಬೇಕು.

ಸಿಲ್ವರ್ ಮರಕ್ಕೆ ಒಂದು ವಿಶೇಷ ಇದೆ, ಅದನ್ನು ನಮ್ಮಲ್ಲೂ ಬಹುತೇಕ ಯಾರೂ ಬಳಸಿಕೊಳ್ಳುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕಿರಣಗಳಂತೆ ಹರಡುವ ಕೋಶಗಳ ಪಟ್ಟಿಗಳು ಇದರಲ್ಲಿ ಬಹಳ ಅಗಲ. ಹಲಗೆಯ ಮುಖ ಆ ಕಿರಣಗಳ ಗುಂಟವೇ ಬರುವಂತೆ ಕೊಯ್ದರೆ ಮೈತುಂಬ ಮಿರುಗುವ ಚುಕ್ಕೆ ಚಿತ್ತಾರ ಏಳುತ್ತದೆ. ಹಾಗೆ ಕೊಯ್ದ ಹಲಗೆ ಒಣಗುವಾಗ ಸೊಟ್ಟಗಾಗುವುದೂ ಕಡಿಮೆ. ಏಕೆಂದರೆ ಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ; ವರ್ಷದ ಉಂಗುರದ ಗುಂಟ ಆಗುವ ಕುಗ್ಗು ಕಿರಣದ ಗುಂಟ ಆಗುವುದರ ಸುಮಾರು ಎರಡು ಪಟ್ಟು. ಸಾಧಾರಣವಾಗಿ ಸೀಳಿದ ಹಲಗೆ ಒಣಗಿ ದೋಣಿಯಂತಾಗುವುದು ಅದಕ್ಕೇ. ಇದೇ ಮರ ನಮ್ಮಲ್ಲಿ ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಹೋಗುತ್ತದೆ. ಪೀಠೋಪಕರಣಕ್ಕೆ ‘ಸಿಲ್ವರ್ರಾ?’ ಎಂದು ಮೂಗು ಮುರಿಯುವವರು ಅದರ ಚಿತ್ತಾರದ ಹಲಗೆ ನೋಡಿರುವುದಿಲ್ಲ.

ಒಣಗಿಸುವುದಕ್ಕೆ ದೊಡ್ಡ ವಿದ್ಯೆ ಬೇಡ, ತಾಳ್ಮೆ ಬೇಕು. ಹಸಿ ಮರದ ಕೋಶದೊಳಗಿನ ನೀರು ಹೋಗುವವರೆಗೆ ಹಲಗೆ ಕುಗ್ಗುವುದಿಲ್ಲ. ಒಣಮರದ ತೂಕದ ಶೇ 30ರ ಆಸುಪಾಸಿಗೆ ತೇವ ಇಳಿದ ಮೇಲೆ ಕೋಶದ ಗೋಡೆಯ ನೀರು ಹೋಗತೊಡಗುತ್ತದೆ, ಆಗ ಕುಗ್ಗು, ಬಿರುಕು, ತಿರುಚು ಎಲ್ಲ ಶುರು. ಅದಕ್ಕೇ ನೆರಳಿನಲ್ಲಿ, ನೆಲದಿಂದ ಮೇಲೆ, ಹಲಗೆಗಳ ನಡುವೆ ಒಂದೇ ದಪ್ಪದ ಕಡ್ಡಿಗಳನ್ನಿಟ್ಟು ಅಟ್ಟಿ ಹಾಕಬೇಕು. ಕಡ್ಡಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿರಬೇಕು. ಅಟ್ಟಿಯ ಮೇಲೆ ಭಾರ, ಹಲಗೆಯ ತುದಿಗಳಿಗೆ ಬಣ್ಣ. ಮಧ್ಯ ಕೀನ್ಯಾದ ರೈತನಿಗೂ ನಮ್ಮವನಿಗೂ ಇಲ್ಲಿ ಅಡ್ಡಿಯಾಗುವುದು ಒಂದೇ, ದುಡ್ಡಿನ ಅವಸರ. ಹಸಿ ಹಲಗೆ ಅಂದೇ ಲಾರಿ ಹತ್ತುತ್ತದೆ.

ಕೊಯ್ಯುವವನ ಮೈಯ ವಿಚಾರಕ್ಕೆ ಬರೋಣ. ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡುತ್ತದೆ. ಬಾರಿನ ಮೂತಿಯ ಮೇಲರ್ಧ ಏನಕ್ಕಾದರೂ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆಗೆ ಹಾರುತ್ತದೆ. ಸರಪಳಿಗೆ ಸಿಕ್ಕಿದ ಕೂಡಲೇ ಎಳೆ ಎಳೆಯಾಗಿ ಬಿಚ್ಚಿ ಗಾಲಿಯನ್ನೇ ಕಟ್ಟಿಹಾಕುವ ನಾರಿನ ಪ್ಯಾಂಟುಗಳಿವೆ. ಅಲ್ಲಿಯೂ ಇಲ್ಲಿಯೂ ನಾವು ಕಾಣುವುದು ಮಾತ್ರ ಹವಾಯಿ ಚಪ್ಪಲಿ, ಮಡಚಿ ಕಟ್ಟಿದ ಲುಂಗಿ ಅಥವಾ ಹರಿದ ಪ್ಯಾಂಟು. ಸದ್ದಿನ ಲೆಕ್ಕ ಇನ್ನೂ ಕೆಟ್ಟದ್ದು. ದಿನಕ್ಕೆ ಎಂಟು ಗಂಟೆ ಕೇಳಬಹುದಾದ ಸದ್ದಿನ ಮಿತಿ 85 ಡೆಸಿಬೆಲ್ ಎಂದಿಟ್ಟುಕೊಂಡರೆ, ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. ಚೈನ್ ಸಾ 106 ಡೆಸಿಬೆಲ್ ಸದ್ದು ಮಾಡುತ್ತದೆ ಎಂದರೆ ಕಿವಿಮುಚ್ಚುಗೆಯಿಲ್ಲದೆ ನಾಲ್ಕು ನಿಮಿಷವೂ ಕೇಳಬಾರದು. ವರ್ಷಗಟ್ಟಲೆ ನಡುಗುವ ಹಿಡಿ ಹಿಡಿದವರ ಬೆರಳುಗಳು ಚಳಿಗೆ ಬೆಳ್ಳಗಾಗಿ ಮರಗಟ್ಟುತ್ತವೆ. ಅದು ಮರಳಿ ಸರಿಯಾಗುವುದು ಅಪರೂಪ. ಸಿಲ್ವರ್ ಮರದ ಹೊಟ್ಟಿನಲ್ಲಿರುವ ರಾಸಾಯನಿಕವೊಂದು ಕೆಲವರ ಚರ್ಮಕ್ಕೆ ತುರಿಕೆ, ಬೊಕ್ಕೆ ಏಳಿಸುತ್ತದೆ ಎಂಬುದೂ ತರಬೇತಿಯಲ್ಲಿ ಬರಬೇಕಾದ ಮಾತೇ.

ಇಷ್ಟೆಲ್ಲ ಅಪಾಯ, ಇಷ್ಟೆಲ್ಲ ನಷ್ಟ ಇದ್ದರೆ ಚೈನ್ ಸಾದಲ್ಲಿ ಹಲಗೆ ಕೊಯ್ಯುವುದನ್ನೇ ನಿಲ್ಲಿಸಬಾರದೇ? ಘಾನಾ ದೇಶ ಅದನ್ನು ಮಾಡಿ ನೋಡಿತು. 1998ರಲ್ಲಿ ಅಲ್ಲಿ ಮಾರಾಟಕ್ಕಾಗಿ ಚೈನ್ ಸಾದಿಂದ ಹಲಗೆ ಕೊಯ್ಯುವುದನ್ನು ನಿಷೇಧಿಸಲಾಯಿತು. ಹತ್ತು ವರ್ಷದ ನಂತರ ನೋಡಿದರೆ ಆ ದೇಶದ ಪೇಟೆಗಳಲ್ಲಿ ಮಾರಾಟವಾಗುತ್ತಿದ್ದ ಮರದ ಬಹುಪಾಲು ಚೈನ್ ಸಾದ್ದೇ ಆಗಿತ್ತು. ದೊಡ್ಡ ಮಿಲ್ಲುಗಳು ಒಳ್ಳೆಯ ಮರವನ್ನು ವಿದೇಶಕ್ಕೆ ಕಳಿಸುತ್ತಿದ್ದವು, ಊರಿನ ಬಡಗಿಗೆ ಹಲಗೆ ಒದಗಿಸುತ್ತಿದ್ದವನು ರಾತ್ರಿ ಕದ್ದು ಕೊಯ್ಯುವವನು. ಕದ್ದು ಕೊಯ್ಯುವವನಿಗೆ ಚೌಕಟ್ಟು ಹೂಡಲು, ನೂಲು ಹೊಡೆಯಲು ಪುರುಸೊತ್ತೆಲ್ಲಿ? ನಷ್ಟ ಇನ್ನೂ ಹೆಚ್ಚು. 2007ರಿಂದ ಐರೋಪ್ಯ ಒಕ್ಕೂಟದ ಹಣದಲ್ಲಿ, ನೆದರ್ಲೆಂಡ್ಸಿನ ಟ್ರೋಪೆನ್‌ಬಾಸ್ ಸಂಸ್ಥೆ ಘಾನಾ ಮತ್ತು ಗಯಾನಾಗಳಲ್ಲಿ ಕೊಯ್ಯುವವರು, ಅಧಿಕಾರಿಗಳು, ವ್ಯಾಪಾರಿಗಳನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಕೆಲಸಕ್ಕೆ ಇಳಿಯಬೇಕಾಯಿತು. ಕೀನ್ಯಾ ಕೂಡ 2018ರ ಫೆಬ್ರುವರಿಯಲ್ಲಿ ಮತ್ತೊಮ್ಮೆ ಸರ್ಕಾರಿ ಕಾಡಿನ ಕಡಿತಕ್ಕೆ ತಡೆ ಹಾಕಿತು. 90 ದಿನಕ್ಕೆಂದು ಹೊರಟದ್ದು ವರ್ಷಗಟ್ಟಲೆ ಎಳೆಯಿತು. ಪ್ರತಿ ತಡೆಯೂ ರೈತರ ಬೇಲಿಯ ಮೇಲೆ ಹೊಸ ಭಾರ ಹೊರಿಸುತ್ತದೆ. ತಡೆ ಹಾಕುವ ದಿನವೇ ಕೊಯ್ಯುವವರ ತರಬೇತಿಗೂ ಹಣ ಎತ್ತಿಡುವುದು ಜಾಣತನ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಚಿತ್ರ ತುಸು ಬೇರೆ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆ ಸಿಲ್ವರ್, ನೀಲಗಿರಿ, ಸುಬಾಬುಲ್‌ನಂಥ ಜಾತಿಗಳನ್ನು ಕಡಿಯಲು ಅನುಮತಿ ಬೇಡವೆಂದಿದೆ. ಇನ್ನೊಂದು ಕಡೆ, ಅರಣ್ಯ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರಿನಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶದ ನಂತರ ಪರವಾನಗಿ ಇಲ್ಲದ ಸಾಮಿಲ್ಲು ನಡೆಸುವಂತಿಲ್ಲ. ಹಾಗಾಗಿ ನಮ್ಮ ತೋಟದ ಮರ ದಿಮ್ಮಿಯಾಗಿಯೇ ಲಾರಿ ಹತ್ತಿ ಮಿಲ್ಲಿಗೆ ಹೋಗುತ್ತದೆ. ಪಟ್ಟಿಗರಗಸದ ತೆಳುದಾರಿಯ ಲಾಭ ಸಿಗುತ್ತದೆ, ಆದರೆ ಅದು ಬೆಳೆಗಾರನ ಕೈಗೆ ಬರುವುದಿಲ್ಲ. ಅವನು ನಿಂತ ಮರವನ್ನೇ ಸಗಟಾಗಿ ಗುತ್ತಿಗೆದಾರನಿಗೆ ಮಾರಿರುತ್ತಾನೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ, ಮರದ ಗುಣ, ಒಣಗಿಸುವಿಕೆ, ಸಂರಕ್ಷಣೆಯ ಬಗ್ಗೆ ದಶಕಗಳ ಅರಿವು ಅಲ್ಲಿದೆ. ಬೆಳೆಗಾರರು ಅದರ ಬಾಗಿಲು ತಟ್ಟುವುದು ವಿರಳ.

ಕೀನ್ಯಾದ ರೈತನಿಗೂ ನಿಂತ ಮರ ಮಾರುವುದೇ ರೂಢಿ. ಕೊಳ್ಳುವ ವ್ಯಾಪಾರಿಗೆ ಮರದ ಮೂರರಲ್ಲೆರಡು ಪಾಲು ಹಾಳಾಗುತ್ತದೆ ಎಂಬುದು ಮೊದಲೇ ಗೊತ್ತು. ಆ ನಷ್ಟ ಕಳೆದೇ ಬೆಲೆ ಹೇಳುತ್ತಾನೆ. ಗರಗಸ ಸದ್ದು ಮಾಡುವ ಮೊದಲೇ ರೈತ ಹೊಟ್ಟಿನ ಬೆಲೆ ಕೊಟ್ಟಾಗಿರುತ್ತದೆ. ಕೊಯ್ಯುವವನಿಗೋ ಅಡಿ ಲೆಕ್ಕದ ಕೂಲಿ. ದಿನಕ್ಕೆ ಎಷ್ಟು ಅಡಿ ಕೊಯ್ದ ಎಂಬುದು ಅವನ ಅನ್ನ, ಮರದಿಂದ ಎಷ್ಟು ಹಲಗೆ ಬಂತು ಎಂಬುದು ಅಲ್ಲ. ಚೌಕಟ್ಟು ಹಾಕಿದರೆ ಕೆಲಸ ನಿಧಾನ. ಅರ ಹಿಡಿದು ಕೂತ ಗಂಟೆಗೆ ಯಾರೂ ದುಡ್ಡು ಕೊಡುವುದಿಲ್ಲ. ತರಬೇತಿ ಮುಗಿಸಿ ಹೋದವನು ಒಂದು ತಿಂಗಳಿಗೆ ಚೌಕಟ್ಟನ್ನು ಅಟ್ಟಕ್ಕೆ ಎಸೆದರೆ ಅದು ಅವನ ಸೋಮಾರಿತನ ಅಲ್ಲ, ಲೆಕ್ಕಾಚಾರ.

ಆದ್ದರಿಂದ ಪಾಠದ ಜತೆಗೆ ಕರಾರೂ ಬದಲಾಗಬೇಕು. ಮರ ಉರುಳಿದ ಮೇಲೆ, ಯಂತ್ರಕ್ಕೆ ಚಾಲೂ ಕೊಡುವ ಮೊದಲು, ಮಾಲೀಕ ಮತ್ತು ಕೊಯ್ಯುವವನು ಇಬ್ಬರೂ ಸೇರಿ ದಿಮ್ಮಿಯ ಸಣ್ಣ ತುದಿಯ ಅಡ್ಡಳತೆ ಹಿಡಿಯಲಿ. ಈ ಅಡ್ಡಳತೆಗೆ ಇಷ್ಟು ಹಲಗೆ ಎಂಬ ಪಟ್ಟಿಯೊಂದು ಕಾಗದದ ಮೇಲಿರಲಿ. ನಾಲ್ಕರವರೆಗೆ ಮಾಮೂಲಿ ಕೂಲಿ. ಐದನೆಯ ಹಲಗೆ ಬಂದರೆ ಅದರ ಬೆಲೆಯಲ್ಲಿ ಅರ್ಧ ಕೊಯ್ದವನಿಗೆ.